ಓ ಕೆಳಗೆ ಹಾಕಿಸಿದ ಎರಡು

ನನ್ನ ತಂಗಿ ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಫೇಲಾದದ್ದು ನನ್ನಿಂದ. ಅವಳು ದಡ್ಡಿ ಎಂದು ಯಾರೂ ಅನ್ನಬಾರದೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ತೊಂಬತ್ತರ ದಶಕದಲ್ಲಿ, ಹರದನಹಳ್ಳಿಯ ನಮ್ಮ ಹೊಲದಲ್ಲಿ ಅರಿಶಿನ ಕಿತ್ತು ಬೇಯಿಸುವ ಕಾಲ. ಕೊಪ್ಪರಿಗೆ ಒಲೆಯ ಮೇಲೇರಿದರೆ ಉರಿ ಆರುವಂತಿಲ್ಲ. ಕೈ ಸಾಲದೆಂದು ತಂಗಿಯನ್ನು ಕೆಲವು ದಿನ ಸ್ಕೂಲು ತಪ್ಪಿಸಿ ನಿಲ್ಲಿಸಿಕೊಂಡವಳು ನಾನೇ. ಸಮೀಕರಣ ಸರಿದೂಗಿಸುವುದನ್ನು ಮೇಷ್ಟ್ರು ಹೇಳಿಕೊಟ್ಟದ್ದು ಆ ದಿನಗಳಲ್ಲೇ.

ಪರೀಕ್ಷೆಯ ಬೆಳಿಗ್ಗೆ ಚಾಮರಾಜನಗರದ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ತೊಡೆಯ ಮೇಲೆ ಪುಸ್ತಕ ಬಿಚ್ಚಿಕೊಂಡು ಅವಳು ಅಳುತ್ತಿದ್ದಳು.

"ಎಚ್ ಟೂ, ಓ ಟೂ ಸೇರುದ್ರೆ ಎಚ್ ಟೂ ಓ, ನೀರು. ಎರಡೂ ಕಡೆ ಸಮ ಆಗ್ಬೇಕಂತೆ ಕಣಕ್ಕ. ಈ ಕಡೆ ಎರಡು ಓ ಅವೆ, ಆ ಕಡೆ ಒಂದೇ."

ನನಗೆ ಗೊತ್ತಿದ್ದದ್ದು ತಕ್ಕಡಿ. ಹಗುರಾದ ತಟ್ಟೆಗೆ ಇನ್ನೊಂದು ಹಿಡಿ ಹಾಕಿದರೆ ಮುಳ್ಳು ನೆಟ್ಟಗಾಗುತ್ತದೆ.

"ಅದ್ಕ್ಯಾಕಮ್ಮಿ ಅಳ್ತೀಯೆ? ಆ ಕಡೆ ಓ ಕೆಳ್ಗೂ ಒಂದು ಚಿಕ್ಕ ಎರಡು ಹಾಕು."

"ಹಂಗೆ ಹಾಕ್ಬೋದಾ?"

"ಹಾಕಿ ಎಣ್ಸಿ ನೋಡು."

ಎಣಿಸಿದಳು. ಸರಿಯಿತ್ತು. ಬಸ್ಸು ಇಳಿಯುವಷ್ಟರಲ್ಲಿ ಮಿಕ್ಕವನ್ನೂ ಹಾಗೇ ಮಾಡಿಸಿದೆ. ಮುಂದಿನ ಸೀಟಿನ ಹೆಂಗಸು ತಿರುಗಿ, "ನೀನೇನವ್ವ ಟೀಚರಮ್ಮನಾ?" ಎಂದಳು. ನಾನು ಅಲ್ಲ ಎನ್ನಲಿಲ್ಲ.

ಕೆಳಗಿನ ಅಂಕಿ ಮುಟ್ಟುವಂತಿಲ್ಲ, ಬೇಕಾದ ಅಂಕಿಯನ್ನು ಇಡೀ ಎಚ್ ಟೂ ಓ ಮುಂದೆ ಹಾಕಬೇಕು, ಓ ಕೆಳಗೆ ಎರಡು ಹಾಕಿದರೆ ಅದು ನೀರೇ ಅಲ್ಲ, ಬೇರೆ ವಸ್ತು ಎಂದು ಪರೀಕ್ಷೆ ಮುಗಿದ ಮೇಲೆ ಗೆಳತಿಯರು ಅವಳಿಗೆ ಹೇಳಿದರು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಮೀಕರಣದ ಮಾರ್ಕ್ಸ್ ಹೋಗಿ ಫೇಲಾದಳು. ಚೆಂಡುಹೂ ಬಿಡುವ ಹೊತ್ತಿಗೆ ಗುಂಡ್ಲುಪೇಟೆಯಿಂದ ಸೋದರಮಾವ ಬಂದ. "ಓದಿದ್ದು ಸಾಕು ಬುಡಿ ಬಾವ. ಹೂ ಕುಯ್ಯಕ್ಕೆ ಜನ ಇಲ್ಲ, ನನ್ ಜೊತೆ ಕಳ್ಸಿ."

ಅಪ್ಪ ತಲೆಯಾಡಿಸಿದ. ತಂಗಿ ಬಟ್ಟೆ ಮಡಿಸಿ ಚೀಲಕ್ಕೆ ತುಂಬತೊಡಗಿದಳು.

"ಅವಳು ಬರಕಿಲ್ಲ ಮಾವ," ಎಂದೆ. "ತಪ್ಪು ಹೇಳ್ಕೊಟ್ಟೋಳು ನಾನು. ಹೂ ಕುಯ್ಯಕ್ಕೆ ನಾನೇ ಬತ್ತೀನಿ. ಅವಳು ಇನ್ನೊಂದ್ ಸಲ ಬರೀತಾಳೆ."

"ಓಹೋ, ನೀನಾ ಹೇಳ್ಕೊಟ್ಟಿದ್ದು? ಐದ್ನೇ ಕ್ಲಾಸ್ ಪಂಡಿತೆ!"

"ಊ, ನಾನೇ. ಎಷ್ಟ್ ಬೇಕಾದ್ರೂ ನಗಾಡು. ಅವಳ ಓದಿನ ತಂಟೆಗೆ ಮಾತ್ರ ಬರಬ್ಯಾಡ."

ಹಿರಿಯರಿಗೆ ಎದುರಾಡುತ್ತೀಯಾ ಎಂದು ಅಪ್ಪ ಗದರಿದ. ನಾನು ತಂಗಿಯ ಬಟ್ಟೆಗಳನ್ನು ಚೀಲದಿಂದ ತೆಗೆದು ನನ್ನವನ್ನು ತುಂಬಿದೆ.

ಮರುಪರೀಕ್ಷೆ ಬರೆದ ಮಾರನೆಯ ದಿನ ಅವಳು ಗುಂಡ್ಲುಪೇಟೆಗೆ ಬಂದಳು. ನಾನು ಹೂವಿನ ಸಾಲಿನಲ್ಲಿದ್ದೆ. ಅರಿಶಿನ ಬಿಟ್ಟು ಬಂದರೂ ಕೈ ಹಳದಿಯೇ.

"ಎರಡನ್ನ ಎಲ್ಲಿ ಹಾಕ್ದೆ?" ಎಂದು ಕೇಳಿದೆ.

"ಮುಂದೇ ಹಾಕಿವ್ನಿ ಕಣಕ್ಕ. ಎಲ್ಲದ್ಕೂ."

ಆಚೆ ಬದುವಿನ ಮೇಲೆ ನಿಂತಿದ್ದ ಮಾವನಿಗೆ ಕೇಳಿಸಲೆಂದು ಇನ್ನೊಂದು ಸಲ ಜೋರಾಗಿ ಹೇಳಿಸಿದೆ.