ತಂಬಿಗೆಯ ಕೊರಳಿಗೆ ಹಾಕಿದ ಸರ

ಸ್ಟೀಲ್ ತಾಟಿಗೆ ಗಾಜಿನ ಮಣಿ ಸುರಿದಾಗ ಸರ್ರನೆ ಒಂದು ಸದ್ದು. ಕೊನೆಗೆ ಒಂದೆರಡು ಮಣಿ ಅಂಚಿಗೆ ಟಣ್ ಎಂದು ಬಡಿದು ಸುಮ್ಮನಾಗುವುದು. ಗೋಕಾಕದ ನಮ್ಮ ಪಡಸಾಲೆಯಲ್ಲಿ ಐದಾರು ವರ್ಷ ಬೆಳಗು ಶುರುವಾದದ್ದೇ ಆ ಸದ್ದಿನಿಂದ. ಸುರಿಯುತ್ತಿದ್ದವಳು ಹಿಂದಿನ ಓಣಿಯ ವಿಧವೆ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಇಬ್ಬರೂ ಸೇರಿ ಮಣಿಸರ ಮಾಡಿ ಮಾರುತ್ತಿದ್ದೆವು.

ನಾನು ಕಲಿತ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಕಲರ್ ವ್ಹೀಲ್ ಬಿಡಿಸಿ, "ಕಾಂಟ್ರಾಸ್ಟ್, ಗರ್ಲ್ಸ್, ಕಾಂಟ್ರಾಸ್ಟ್!" ಎನ್ನುತ್ತಿದ್ದರು. ಆ ವಿದ್ಯೆ ನೆಚ್ಚಿ ನಾನು ನೇರಳೆಗೆ ಹಳದಿ ಜೋಡಿಸಿದರೆ ಇವಳಿಗೆ ನಗು.

"ಕಾರಹುಣ್ಣಿಮಿಗೆ ಎತ್ತಿಗೆ ಕಟ್ಟೋದ್ರಿ ಇದು ಅಕ್ಕಾರ, ಹೆಣ್ಣಮಕ್ಕಳಿಗಲ್ಲ."

ನಾಲ್ಕು ಹಳದಿ ತೆಗೆದು ಒಂದು ಮಾಸಲು ಹಸಿರು ಇಡುವಳು. ಅಷ್ಟಕ್ಕೇ ನೇರಳೆ ಮೆತ್ತಗಾಗುತ್ತಿತ್ತು. ಆಮೇಲೆ ಸರವನ್ನು ಹಿತ್ತಾಳೆ ತಂಬಿಗೆಯ ಕೊರಳಿಗೆ ಹಾಕಿ, ದೂರ ಸರಿದು ನಿಂತು ನೋಡುವುದು ಅವಳ ಪದ್ಧತಿ. ತನ್ನ ಕೊರಳಿಗೆ ಎಂದೂ ಹಿಡಿದವಳಲ್ಲ. ಮದುವೆಯ ಕರಿಮಣಿಯನ್ನಂತೂ ಮುಟ್ಟುತ್ತಲೇ ಇರಲಿಲ್ಲ. ದೂರ ಕೂತು ಬಣ್ಣ ಹೇಳುವಳು, ನಾನು ಪೋಣಿಸುವೆ. ಅವಳ ಹೊಟ್ಟೆ, ಮಗಳ ಶಾಲೆ ಎರಡೂ ಈ ಸರಗಳ ಮೇಲೇ ನಡೆದಿದ್ದವು. ಜನರ ಮಾತಿಗೆ ಅವಳು ಅಂಜಲೇಬೇಕಿತ್ತು.

ಮೂಡಲಗಿಯ ಮನೆತನವೊಂದು ಮದುವೆಗೆ ಕರಿಮಣಿ ಸರ ಹೇಳಿತು. ನಡುನಡುವೆ ಹವಳವೋ, ಬಂಗಾರದ ಬಣ್ಣದ ಗುಂಡೋ, ಕಾಂಬಿನೇಶನ್ ನಿಮಗೇ ಬಿಟ್ಟಿದ್ದು ಎಂದಿದ್ದರು. ಹವಳದ್ದೊಂದು, ಗುಂಡಿನದೊಂದು ಸರ ಪೋಣಿಸಿ ತಂಬಿಗೆಗೆ ಹಾಕಿದೆ.

"ತಂಬಿಗಿ ಹಳದಿ ಐತ್ರಿ. ಹುಡುಗಿ ನನ್ನಂಗ ಕರಿ ಅದಾಳ. ಇದರ ಮ್ಯಾಲೆ ಹೆಂಗ ತಿಳೀತೈತಿ?"

"ಮತ್ತ ನಿನ್ನ ಕೊರಳಿಗೇ ಹಾಕಿ ನೋಡೂಣು. ಜಸ್ಟ್ ಎರಡು ಮಿನಿಟ್."

"ಬ್ಯಾಡ್ರೀ ಅಕ್ಕಾರ."

"ಮಣಿಗೇನ ಗೊತ್ತಾಗತೈತಿ, ಯಾರ ಕೊರಳಂತ? ಡೋಂಟ್ ಬಿ ಸಿಲ್ಲಿ."

ನಾನೇ ಅವಳ ಕೊರಳಿಗೆ ಹವಳದ ಸರ ಹಾಕಿ, ಕೈಗೆ ಕನ್ನಡಿ ಕೊಟ್ಟು, ದೂರದಿಂದ ನೋಡಲೆಂದು ಅಡುಗೆಮನೆಯ ಬಾಗಿಲ ತನಕ ಸರಿದೆ. ಆ ಚರ್ಮದ ಮೇಲೆ ಹವಳ ಕೆಂಡದಂತೆ ಕಂಡಿತು. ಪರ್ಫೆಕ್ಟ್. ಅವಳು ಕನ್ನಡಿ ಕೆಳಗಿಡಲಿಲ್ಲ. ಎರಡು ಮಿನಿಟು ಮೀರಿತ್ತು, ನಾನೂ ಇಡು ಎನ್ನಲಿಲ್ಲ.

ಮದುವೆ ಹುಡುಗಿಯ ಸೋದರತ್ತೆ ಸರ ನೋಡಲು ಬಂದು ಆಗಲೇ ಹೊಸ್ತಿಲಲ್ಲಿದ್ದಳು.

"ಏನ್ ಬೇ ಇದು? ಗಂಡನ್ನ ನುಂಗಿದ್ದು ಸಾಲಲಿಲ್ಲೇನ ನಿನಗ? ನಮ್ಮ ಹುಡುಗಿ ಕುಂಕುಮಕ್ಕೂ ಕೈ ಹಾಕಿದಿ?" ಎಂದವಳು ನನ್ನತ್ತ ತಿರುಗಿದಳು. "ಅಕ್ಕಾರ, ನೀವು ಕಲಿತವ್ರು. ನಿಮಗ ಗೊತ್ತಿದ್ದ ನಡದೈತೇನ್ರಿ ಇದು?"

ಶಾಲೆಯ ಡಿಬೇಟಿನಲ್ಲಿ ಕಪ್ ಗೆದ್ದ ಬಾಯಿ ನನ್ನದು. ಅದು ಹೇಳಿದ್ದು ಇಷ್ಟೇ: "ನಾ ಅಡಗಿಮನ್ಯಾಗ ಇದ್ನಿರಿ. ನೋಡಲಿಲ್ಲ."

ಕನ್ನಡಿ ಹಿಡಿದಿದ್ದವಳು ನನ್ನನ್ನು ನೋಡಿದಳು. ಸರ ತೆಗೆದು ತಾಟಿನಲ್ಲಿಟ್ಟು, ಚಪ್ಪಲಿ ಮೆಟ್ಟಿ ಹೋದಳು.

ಅವಳ ಕೈ ತಾಗಿದ ಸರ ಆಮೇಲೆ ಯಾರಿಗೂ ಬೇಡವಾಯಿತು. ನಾನು ಕರೆಯಲು ಹೋಗಲಿಲ್ಲ. ಹೋದರೆ ಓಣಿಯವರೆದುರು ನಿಜ ಹೇಳಬೇಕಾಗುತ್ತಿತ್ತು. ತಿಂಗಳೊಳಗೆ ಮಗಳ ಶಾಲೆ ಬಿಡಿಸಿ ಹುಕ್ಕೇರಿ ಕಡೆಯ ತವರಿಗೆ ಹೊರಟುಹೋದಳು.

ಮರುವರ್ಷ ಹುಕ್ಕೇರಿ ಸಂತೆಯಲ್ಲಿ ಕಂಡಳು. ಅವಳಿಗಾಗಿಯೇ ಹೋಗಿದ್ದೆ ಎಂದರೆ ಸುಳ್ಳು, ನನಗೆ ಬೇರೆ ಕೆಲಸವಿತ್ತು. ಮೆಣಸಿನಕಾಯಿ ಮಾರುತ್ತಿದ್ದಳು. ಬಾಜೂದವರದೆಲ್ಲ ಕಲಸಿದ ರಾಶಿ. ಇವಳದು ಮಾತ್ರ ಹಸಿರು ಗುಡ್ಡೆ, ಅಂಚಿಗೆ ಹಣ್ಣಾದ ನಾಲ್ಕೇ ಕೆಂಪು.

"ಹೆಂಗದೀಯವಾ?"

"ಅದೇನಿ ನೋಡ್ರಿ." ಕೇಳದೆಯೇ ಅರ್ಧ ಕಿಲೋ ತೂಗಿ ನನ್ನ ಚೀಲಕ್ಕೆ ಸುರಿದಳು. "ಅವತ್ತ ಅಡಗಿಮನ್ಯಾಗ ಏನ್ ಮಾಡಾಕತ್ತಿದ್ರಿ ಅಕ್ಕಾರ?"

ಸಾರಿ ಎಂಬ ಮಾತು ಬಾಯಲ್ಲೇ ಇತ್ತು. ಅಷ್ಟರಲ್ಲಿ ಹಿಂದಿದ್ದವರು ತಮ್ಮ ಚೀಲ ಚಾಚಿದರು, ಅವಳು ಅವರತ್ತ ತಿರುಗಿದಳು. ನಾನು ಬಸ್ ಸ್ಟ್ಯಾಂಡಿನ ದಾರಿ ಹಿಡಿದೆ. ಮತ್ತೆ ಅವಳನ್ನು ಕಾಣಲಿಲ್ಲ.