ತುಂಬಿದ ಚುಕ್ಕಿ

ನಮ್ಮ ಗಣಿತದ ಅಕ್ಕೋರು ಸಂಖ್ಯಾರೇಖೆಯ ಮೇಲೆ ಚುಕ್ಕಿ ಇಡುವಾಗ ಸೀಮೆಸುಣ್ಣವನ್ನು ಗರಗರ ತಿರುವುತ್ತಿದ್ದರು. "ಆ ಸಂಖ್ಯೆನೂ ಸೇರಿದ್ರ ಚುಕ್ಕಿ ತುಂಬ್ರಿ, ಸೇರದಿದ್ರ ಖಾಲಿ ಬಿಡ್ರಿ. ಯಾರನ್ನೂ ಸುಮ್ಮನ ಹೊರಗ ಹಾಕಬ್ಯಾಡ್ರಿ" ಎನ್ನುವುದು ಅವರ ನಿತ್ಯದ ಮಾತು.

ಶಾಲೆಯಿಂದ ಕುಷ್ಟಗಿ ರಸ್ತೆಯಲ್ಲಿ ಸರಿಯಾಗಿ ಐದು ಕಿಲೋಮೀಟರಿಗೆ ನಮ್ಮ ಮನೆ. ಹಾಸ್ಟೆಲಿನ ನೋಟಿಸಿನಲ್ಲಿ "ಐದು ಅಥವಾ ಅದಕ್ಕಿಂತ ಹೆಚ್ಚು ಕಿಲೋಮೀಟರ್ ದೂರದವರಿಗೆ ಪ್ರವೇಶ" ಎಂದೇ ಇತ್ತು. ಆದರೂ ವಾರ್ಡನ್ ನನ್ನ ಅರ್ಜಿ ವಾಪಸು ಕೊಟ್ಟರು: "ಐದು ದಾಟಿರಬೇಕವಾ."

ಅಕ್ಕೋರು ನನ್ನ ಕೈಹಿಡಿದು ಹೋಗಿ, ವಾರ್ಡನ್ನರ ಮೇಜಿನ ಮೇಲೆಯೇ ಸೀಮೆಸುಣ್ಣದಿಂದ ರೇಖೆ ಎಳೆದು, ಐದರ ಚುಕ್ಕಿ ತುಂಬಿ, ಬಲಕ್ಕೆ ಬಾಣ ಹಾಕಿದರು. "ನೋಡ್ರಿ ಸಾಹೇಬ್ರ, ಐದು ಒಳಗ ಐತಿ."

ವಾರ್ಡನ್ ಅದನ್ನು ಅಂಗೈಯಿಂದ ಒರೆಸಿಬಿಟ್ಟರು. "ನಿಮ್ಮ ಲೆಕ್ಕ ಸಾಲ್ಯಾಗ ಇಟ್ಕೋರಿ." ಆ ಅಂಗೈ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ವಾರ್ಡನ್ನರ ಮಗಳು ನನ್ನ ಬೆಂಚಿನವಳೇ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಕ್ಕೋರು ಕೇಳಿದ್ದು ಅದನ್ನೇ: ಐದು ಅಥವಾ ಅದಕ್ಕಿಂತ ಹೆಚ್ಚು, ರೇಖೆಯ ಮೇಲೆ ತೋರಿಸಿರಿ. ಅವಳು ಚುಕ್ಕಿಯನ್ನು ಕಪ್ಪಗೆ ತುಂಬಿದ್ದಳು. ಅಕ್ಕೋರು ಪೂರ್ಣ ಅಂಕ ಕೊಟ್ಟು, "ನಿಮ್ಮಪ್ಪಾರ ಸಹಿ ಮಾಡಿಸ್ಕೊಂಡು ಬಾ" ಎಂದರು.

ಮರುದಿನ ಸಹಿ ಬಂತು. ನಾನು ಮಾತ್ರ ಹತ್ತನೇ ತರಗತಿ ಮುಗಿಯುವವರೆಗೂ ಆ ಐದು ಕಿಲೋಮೀಟರ್ ನಡೆದೆ.