ಸಿಪಾಯಿಯ ಕೆಂಪು ಕುಚ್ಚು

ಸಾಫ್ಟ್‌ವೇರ್ ಟೆಸ್ಟಿಂಗ್ ಸಾಕಾಗಿ, ಈ ಪರದೇಶದ ಉಬಿ ಬಡಾವಣೆಯಲ್ಲಿ ಮೈಸೂರಿನ ಅಂಕಲ್ ಒಬ್ಬರು ನಡೆಸುತ್ತಿದ್ದ ಚಿತ್ರಗಳಿಗೆ ಕಟ್ಟು ಹಾಕುವ ವರ್ಕ್‌ಶಾಪ್ ಸೇರಿದ್ದೆ. ಆ ವರ್ಷ ಆಯುಧಪೂಜೆಗೆ ಫ್ರೇಮ್ ಕತ್ತರಿಸುವ ಯಂತ್ರಕ್ಕೆ ಕುಂಕುಮ ಹಚ್ಚಲೇಬೇಕು ಎಂದು ಹಟ ಹಿಡಿದವಳು ನಾನೇ. ಅಂಕಲ್ ಬೇಡ ಎಂದರು. ನಾನು ಕೇಳುವವಳೇ? ಬಟ್ಟಲು ಖಾಲಿ ಮಾಡಿದ್ದೆ.

ಮರುದಿನ ಬೆಳಿಗ್ಗೆ ನಮ್ಮ ಬೆಂಚಿಗೆ ಬಂದವನು ಒಬ್ಬ ಫ್ರೆಂಚ್ ಸಿಪಾಯಿ. ಹತ್ತೊಂಬತ್ತನೆಯ ಶತಮಾನದ ಜಲವರ್ಣ ಚಿತ್ರ. ನೀಲಿ ಕೋಟು, ಕೆಂಪು ಪ್ಯಾಂಟು, ಹುರಿ ಮೀಸೆ, ಸೊಂಟದ ಕತ್ತಿಯಿಂದ ಇಳಿಬಿದ್ದ ಕೆಂಪು ಕುಚ್ಚು. ತಂದವರು ವುಡ್‌ಲ್ಯಾಂಡ್ಸ್ ಬಡಾವಣೆಯ ಒಬ್ಬ ಆಂಟಿ. ಹಡಗಿನ ಎಂಜಿನಿಯರ್ ಆಗಿದ್ದ ಅವರ ಗಂಡ ಯಾವುದೋ ಫ್ರೆಂಚ್ ಬಂದರಿನ ಸಂತೆಯಲ್ಲಿ ಕೊಂಡದ್ದಂತೆ. ಅವರು ತೀರಿಕೊಂಡು ವರ್ಷವಾಗಿತ್ತು.

"ಆ ಕುಚ್ಚು ಇದ್ಯಲ್ಲ, ಶೌರ್ಯಕ್ಕೆ ಕೊಟ್ಟಿದ್ದಂತೆ. ಒಬ್ಬನೇ ನಿಂತು ಸೇತುವೆ ಕಾದನಂತೆ ಇವನು. ನಮ್ಮನೆಯವರು ಬಂದೋರಿಗೆಲ್ಲ ಹೇಳೋರು," ಎಂದರು ಆಂಟಿ. "ಹಳೇ ಫ್ರೇಮ್‌ಗೆ ಹುಳ ಹಿಡಿದಿದೆ, ಚೇಂಜ್ ಮಾಡ್ಕೊಡು. ಚಿತ್ರಕ್ಕೆ ಮಾತ್ರ ಏನೂ ಆಗಬಾರದು ಕಣಮ್ಮ. ಅವರ ನೆನಪು ಅಂತ ಇರೋದು ಇದೊಂದೇ."

ನನಗೋ ಸಿಪಾಯಿಗಿಂತ ಅವನನ್ನು ಬರೆದವನ ಮೇಲೆ ಕುತೂಹಲ. ಸಹಿ ಎಲ್ಲೂ ಇಲ್ಲ. ಕೋಟನ್ನು ಸರಸರನೆ ಮುಗಿಸಿದ್ದಾನೆ, ಗುಂಡಿಗಳ ಜಾಗದಲ್ಲಿ ಕಾಗದವನ್ನೇ ಖಾಲಿ ಬಿಟ್ಟಿದ್ದಾನೆ. ಮುಖದಲ್ಲಿ ಮಾತ್ರ ಪೆನ್ಸಿಲ್ ಗೀರಿನ ಮೇಲೆ ಗೀರು. ಸಮವಸ್ತ್ರವನ್ನು ಮೊದಲೇ ಬರೆದಿಟ್ಟುಕೊಂಡು, ಗಿರಾಕಿ ಬಂದಾಗ ಮುಖ ಸೇರಿಸಿರಬಹುದು ಎಂದರು ಅಂಕಲ್. ಹಾಗಾದರೆ ಈ ಮೈ ಯಾರದ್ದು? ಇನ್ನೂ ಬಗ್ಗಿ ನೋಡುತ್ತಿದ್ದೆ. ಫ್ಯಾನಿನ ಗಾಳಿಗೆ ಯಂತ್ರದ ಕುಂಕುಮ ಉದುರಿ ಸಿಪಾಯಿಯ ಪ್ಯಾಂಟಿನ ಅಂಚಿಗೆ ಬಿತ್ತು.

ಮನೆಯಲ್ಲಿ ಮಾಡುವುದನ್ನೇ ಮಾಡಿದೆ. ಬೆರಳು ಒದ್ದೆ ಮಾಡಿಕೊಂಡು ಒರೆಸಿದೆ. ಅಯ್ಯೋ, ನನ್ನ ಬುದ್ಧಿಗಿಷ್ಟು! ಜಲವರ್ಣ ಅದು. ಪ್ಯಾಂಟಿನ ಕೆಂಪೂ ಎದ್ದು ಬಂದು, ಪಕ್ಕದ ಖಾಲಿ ಕಾಗದದ ಮೇಲೆ ನನ್ನ ಬೆರಳು ಅಚ್ಚೊತ್ತಿತು. ಅಂಕಲ್‌ರನ್ನು ಕೂಗಿದೆ.

ಅಂಕಲ್ ಬೈಯಲಿಲ್ಲ. ಭೂತಕನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ಬಾ ಇಲ್ಲಿ," ಎಂದರು. ಕುಚ್ಚಿನ ಎಳೆಗಳ ಅಡಿಯಲ್ಲಿ ಇನ್ನೊಂದು ಬೆರಳಚ್ಚು! ದಪ್ಪ ಹೆಬ್ಬೆರಳು, ಅದೇ ಕೆಂಪು. ಬಣ್ಣ ಆರುವ ಮೊದಲೇ ಚಿತ್ರಕಾರ ಪ್ಯಾಂಟನ್ನು ಮುಟ್ಟಿ, ಕಾಗದದ ಮೇಲೆ ಕಲೆ ಮಾಡಿಕೊಂಡು, ಅದನ್ನು ಮುಚ್ಚಲು ಕುಚ್ಚು ಬರೆದಿದ್ದ. ಕಳ್ಳ! ಅಂಥ ಗಂಡಾಂತರದಲ್ಲೂ ನನಗೆ ಖುಷಿಯಾಯಿತು.

"ನೀನೂ ಒಂದು ಕುಚ್ಚು ಬರೆದುಬಿಡು. ಯಾರಿಗೂ ಗೊತ್ತಾಗಲ್ಲ ಲಾ," ಎಂದರು ಅಂಕಲ್, ಇಲ್ಲಿಯವರ 'ಲಾ' ಸೇರಿಸಿ. ತಮಾಷೆಗೋ ನಿಜಕ್ಕೋ ಇವತ್ತಿಗೂ ತಿಳಿಯದು. ಬ್ರಷ್ ಕೈಗೆತ್ತಿಕೊಂಡೆ, ಕೆಳಗಿಟ್ಟೆ. ಆಂಟಿಗೆ ಫೋನ್ ಮಾಡಿದೆ.

ನನ್ನ ತಪ್ಪನ್ನಷ್ಟೇ ಹೇಳಿ, ಚಿತ್ರಕಾರನದನ್ನು ಮುಚ್ಚಿಡುವ ಲೆಕ್ಕಾಚಾರ ನನ್ನದು. ಗಂಡ ಹೇಳಿದ ಕಥೆಯಾದರೂ ಆಂಟಿಗೆ ಉಳಿಯಲಿ ಎಂದು. ಆದರೆ ಅವರು ಬಂದವರೇ ಭೂತಕನ್ನಡಿ ಇಸಿದುಕೊಂಡರು.

"ಇದೇನಮ್ಮ, ಎರಡಿದೆ?"

ಹೇಳಲೇಬೇಕಾಯಿತು.

"ಹಾಗಾದ್ರೆ ಸೇತುವೆ?" ಅವರ ಕಣ್ಣು ತುಂಬಿತು. ನೆಲ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಮತ್ತೆ ಬಗ್ಗಿ ನೋಡಿದರು. ಅಷ್ಟರಲ್ಲಿ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಅಂದುಕೊಂಡರೆ ನಗು! "ಅಬ್ಬಾ, ನನ್ನ ಗಂಡ! ಅಷ್ಟು ವರ್ಷ ಒಂದು ಸಲನಾದ್ರೂ ನಗದೆ ಹೇಳಿದ್ರಲ್ಲ!"

ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಾಗ ದನಿ ಬಿಗಿಯಾಗಿತ್ತು. "ನೀನು ಮಾತ್ರ ಇನ್ಮೇಲೆ ಇದನ್ನ ಮುಟ್ಟಬೇಡ. ಫ್ರೇಮ್ ನಿಮ್ಮ ಅಂಕಲ್ಲೇ ಹಾಕ್ಲಿ."

"ಕಲೆ ತೆಗೆಸೋದಾ ಆಂಟಿ?" ಎಂದೆ, ತಲೆ ತಗ್ಗಿಸಿ.

"ಬೇಡ, ಇರ್ಲಿ ಬಿಡು. ಬಂದೋರು ಕೇಳ್ತಾರಲ್ಲ, ಇದಕ್ಕೆ ಕಥೆ ನಾನೇ ಕಟ್ಟಬೇಕು ಈಗ."